ಪಾಕದಲ್ಲಿ ಬೇಯಿಸಿದ ಪೇರ್ ಹಣ್ಣು: ವೈನ್ ಬದಲಿಗೆ ಏನು ಬಳಸಬಹುದು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮಸ್ಕಾರ. ಬರುವ ಭಾನುವಾರ ರಾತ್ರಿ ಎಂಟು ಮಂದಿ ನಮ್ಮಲ್ಲಿಗೆ ಊಟಕ್ಕೆ ಬರಲಿದ್ದು, ಕೊನೆಯಲ್ಲಿ ಪಾಯಸದ ಬದಲು ಇಡಿಯಾಗಿ ಪಾಕದಲ್ಲಿ ಬೇಯಿಸಿದ ಪೇರ್ ಹಣ್ಣನ್ನು ಬಡಿಸಬೇಕೆಂದಿದ್ದೇನೆ. ಫ್ರಾನ್ಸಿನಲ್ಲಿ ಇದನ್ನು ಕೆಂಪು ವೈನಿನಲ್ಲಿ ಬೇಯಿಸುವ ರೂಢಿಯಿದೆ. ಆದರೆ ಬರುವವರಲ್ಲಿ ಹಿರಿಯರೇ ಹೆಚ್ಚು, ವೈನ್ ಬಳಸುವಂತಿಲ್ಲ. ಆ ಬಣ್ಣವನ್ನೂ ಹುಳಿಯನ್ನೂ ಬೇರೆ ಯಾವುದರಿಂದ ತರಬಹುದು? ಹಣ್ಣು ಕರಗದೆ ನಿಲ್ಲಲು ಏನು ಮಾಡಬೇಕು?

ಉತ್ತರ 1

ಒಣ ಪುನರ್ಪುಳಿ ಸಿಪ್ಪೆಯನ್ನು ಬಳಸಿ. ಬಣ್ಣ, ಹುಳಿ ಎರಡೂ ಅದರಲ್ಲಿಯೇ ಇವೆ. ಉಪ್ಪು ಹಾಕಿ ಒಣಗಿಸಿದ್ದಾದರೆ ಮೊದಲು ತೊಳೆದುಕೊಳ್ಳಿ. ಎಂಟು ಹಣ್ಣಿಗೆ ಎರಡು ಲೀಟರ್ ನೀರು, ಅರ್ಧ ಕಿಲೋ ಸಕ್ಕರೆ, ಒಂದು ಹಿಡಿ ಪುನರ್ಪುಳಿ, ಒಂದು ತುಂಡು ಚಕ್ಕೆ ಮತ್ತು ನಾಲ್ಕು ಲವಂಗ ಸಾಕು. ಪಾಕ ಇದಕ್ಕಿಂತ ಬಹಳ ಗಟ್ಟಿಯಾದರೆ ಹಣ್ಣಿನೊಳಗಿನ ನೀರನ್ನೇ ಹೊರಗೆಳೆದು ಅದನ್ನು ಸುಕ್ಕಾಗಿಸುತ್ತದೆ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಇರಲಿ.

ದೇವರಾಜ ಮಾರುಕಟ್ಟೆಯಲ್ಲಿ ಆರಿಸುವಾಗ ತೊಟ್ಟಿನ ಬುಡದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ತುಸುವೂ ತಗ್ಗದ ಗಟ್ಟಿ ಹಣ್ಣನ್ನೇ ತೆಗೆದುಕೊಳ್ಳಿ. ತೊಟ್ಟು ಉಳಿಸಿಕೊಂಡು ಸಿಪ್ಪೆ ಹೆರೆದು, ಕಪ್ಪಾಗದಂತೆ ಕೂಡಲೇ ನಿಂಬೆರಸದ ನೀರಿಗೆ ಹಾಕಿ. ಪಾಕ ಕೊತಕೊತ ಕುದಿಯಬಾರದು. ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ 20ರಿಂದ 30 ನಿಮಿಷ ಬೇಯಲಿ. ಹಣ್ಣುಗಳು ತೇಲುವುದರಿಂದ, ಪಾತ್ರೆಯ ಅಳತೆಗೆ ಕತ್ತರಿಸಿದ ಬೇಕಿಂಗ್ ಕಾಗದವನ್ನು ಮೇಲೆ ಮುಚ್ಚಿದರೆ ಎಲ್ಲ ಕಡೆಗೂ ಬಣ್ಣ ಹತ್ತುತ್ತದೆ. ಚಾಕುವಿನ ಮೊನೆ ತಡೆಯಿಲ್ಲದೆ ಇಳಿದರೆ ಬೆಂದಂತೆ.

ಉತ್ತರ 2 (ಮಂಡ್ಯ)

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ: ಶನಿವಾರವೇ ಬೇಯಿಸಿ, ಆರಿದ ಮೇಲೆ ಅದೇ ಪಾಕದಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬಣ್ಣ ತಿರುಳಿನೊಳಗೆ ಇಳಿಯುವುದು ಹೀಗೆ ನೆನೆಯುವಾಗಲೇ. ಅವಸರಕ್ಕೆ ಹೆಚ್ಚು ಬೇಯಿಸಿದರೆ ಹಣ್ಣು ಮೆತ್ತಗಾಗುತ್ತದೆಯೇ ಹೊರತು ಕೆಂಪಾಗುವುದಿಲ್ಲ. ನಮ್ಮೂರಿನ ಬೆಲ್ಲದ ಮೇಲೆ ನನಗೆ ಬಹಳ ಅಭಿಮಾನವಿದ್ದರೂ ಇಲ್ಲಿ ಅದನ್ನು ಹಾಕಬೇಡಿ ಎನ್ನುತ್ತೇನೆ, ಏಕೆಂದರೆ ಅದರ ಕಂದು ಬಣ್ಣ ಪುನರ್ಪುಳಿಯ ಕೆಂಪನ್ನು ನುಂಗಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜೊತೆಗೆ ಬಾಸುಂದಿ ಬಡಿಸಬಹುದೇ?

ಉತ್ತರ 1

ಬೇಡ, ಅದರ ಸಿಹಿಯ ಮುಂದೆ ಹಣ್ಣಿನ ರುಚಿ ಅಡಗಿಹೋಗುತ್ತದೆ. ಹಣ್ಣುಗಳನ್ನು ತೆಗೆದಿಟ್ಟು, ಉಳಿದ ಪಾಕವನ್ನು ಸೋಸಿ ಜೇನಿನಷ್ಟು ಮಂದವಾಗುವವರೆಗೆ ಕಾಯಿಸಿ ಮೇಲೆ ಸುರಿಯಿರಿ. ಪಕ್ಕದಲ್ಲಿ ಸಕ್ಕರೆ ಹಾಕದ ತಣ್ಣನೆಯ ಕೆನೆ ಒಂದು ಚಮಚ ಇದ್ದರೆ ಸಾಕು.