ಪದಚರ್ಚೆ: ‘ಡೆಫಿಷಿಯೆಂಟ್ ನಂಬರ್’ಗೆ ಕನ್ನಡದಲ್ಲಿ ಏನು? ನಾಳೆ ಬೋರ್ಡ್ ಬರೆಸಬೇಕು

ಗೆಳೆಯರೇ, ಸ್ವಲ್ಪ ಅರ್ಜೆಂಟ್. ಡಿಸೆಂಬರ್ 22ಕ್ಕೆ ಗಣಿತ ದಿನ, ನಮ್ಮ ಮಕ್ಕಳು ಕಲಬುರಗಿಯ ಪಿನ್‌ಕೋಡ್ 585101 ಹಿಡಿದುಕೊಂಡು ಕೂತಿದ್ದಾರೆ. ಒಂದು ಬಿಟ್ಟು ಒಂದು ಅಂಕಿ ಕೂಡಿದರೆ ಎರಡೂ ಸಲ 10 ಬರುತ್ತದೆ, ಹಾಗಾಗಿ 11ರಿಂದ ಭಾಗ ಹೋಗುತ್ತದೆ. ಪೂರ್ತಿ ಒಡೆದರೆ 11 × 43 × 1237. ಮೂರೂ ಅವಿಭಾಜ್ಯ. 1237 ಇನ್ನೂ ಒಡೆಯಬಹುದೇನೋ ಅಂತ ಒಬ್ಬ ಹುಡುಗಿ 31ರವರೆಗೂ ಭಾಗಿಸಿ ನೋಡಿದಳು, ಹಾಳೆಯ ಹಿಂದೆ ಮುಂದೆ ಎಲ್ಲಾ ತುಂಬಿಸಿ.

ತೊಡಕು ಇಲ್ಲಿದೆ. ಆ ಸಂಖ್ಯೆಯನ್ನು ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿದರೆ ಬರುವುದು ಬರೀ 68,563. 6, 28ರ ಹಾಗೆ ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ ಅನ್ನುತ್ತೇವೆ. ಕಮ್ಮಿ ಬಿದ್ದರೆ ಇಂಗ್ಲಿಷಿನಲ್ಲಿ ಡೆಫಿಷಿಯೆಂಟ್, ಕನ್ನಡದಲ್ಲಿ? ‘ನ್ಯೂನ’ ಅಂದರೆ ಮಕ್ಕಳು ಏನೋ ಐಬು ಅಂದುಕೊಳ್ಳುತ್ತಾರೆ. ‘ಕೊರತೆ ಸಂಖ್ಯೆ’ ಸರೀನಾ?

ಬೀದರಿನಿಂದ:
ಸರಿಯಲ್ಲ. ಕೊರತೆ ಕನ್ನಡ, ಸಂಖ್ಯೆ ಸಂಸ್ಕೃತ. ಎರಡನ್ನೂ ಬೆರೆಸಿ ಸಮಾಸ ಮಾಡಿದರೆ ಶುದ್ಧ ಅರಿಸಮಾಸ. ‘ಕುಂದೆಣಿಕೆ’ ಅನ್ನಿ. ಎಣಿಕೆಯ ಬೇರು ‘ಎಣ್’, ತಮಿಳರು ಸಂಖ್ಯೆಗೆ ಇವತ್ತಿಗೂ ಅದನ್ನೇ ಅನ್ನುತ್ತಾರೆ, ನಾವು ಮಾತ್ರ ಬಿಟ್ಟು ಕೂತೆವು. ಪರಿಪೂರ್ಣವನ್ನೂ ‘ತುಂಬೆಣಿಕೆ’ ಮಾಡಿ. ಹೀಗೆ ಕನ್ನಡಕ್ಕೆ ಸಂಸ್ಕೃತ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತ ನೃಪತುಂಗನ ಕಾಲದಲ್ಲೇ ಹೇಳಿದ್ದಾರೆ. ಅವನ ರಾಜಧಾನಿ ಮಳಖೇಡ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ!

ಕಲಬುರಗಿಯಿಂದ:
ಸರ್, ಕುಂದು ಅಂದರೂ ಐಬೇ ಅಲ್ವಾ? ಕುಂದುಕೊರತೆ ಸಭೆಗೆ ಜನ ಯಾಕೆ ಹೋಗುತ್ತಾರೆ? ‘ಕೊರತೆಯ ಸಂಖ್ಯೆ’ ಅಂತ ಷಷ್ಠಿ ಹಚ್ಚಿದರೆ ಸಮಾಸವೇ ಇಲ್ಲ, ಇನ್ನು ಅರಿ ಎಲ್ಲಿಂದ ಬಂತು? ಮಳಖೇಡದ ಮಾತು ತೆಗೆದಿರಿ. ಅದೇ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದದ್ದು ಸಂಸ್ಕೃತದಲ್ಲಿ. ಅವರ ಹಾಲಿಗೆ ಏನು ಹಾಕೋಣ? ನಮ್ಮ ಓಣಿಯ ಕಿರಾಣಿ ಅಂಗಡಿಯವರು ಚಿಲ್ಲರೆ ಎಣಿಸಿ ‘ಎರಡ್ ರೂಪಾಯಿ ಕಮ್ಮಿ ಬಿತ್ರೀ, ಬಾಕಿ ಬರಿಲಿ?’ ಅನ್ನುತ್ತಾರೆ. ಕಮ್ಮಿ ಪಾರ್ಸಿ, ಬಾಕಿ ಅರಬ್ಬಿ. ಲೆಕ್ಕ ಮಾತ್ರ ಎಂದೂ ತಪ್ಪಿಲ್ಲ.

ಬೀದರಿನಿಂದ:
ಹಾಗಾದರೆ ‘ಕಮ್ಮಿ ನಂಬರ್’ ಅಂತಲೇ ಬರೆಸಿ. ನನ್ನನ್ನು ಕೇಳಬೇಡಿ.

ಕಲಬುರಗಿಯಿಂದ:
ಸಿಟ್ಟಾಗಬೇಡಿ ಸರ್. ‘ಕೊರತೆಯ ಸಂಖ್ಯೆ’ ಅಂತ ಪೇಂಟರ್‌ಗೆ ಕೊಟ್ಟಾಯಿತು. ಈಗ ಹುಡುಗಿ 12 ತಂದಿದ್ದಾಳೆ. 1, 2, 3, 4, 6 ಕೂಡಿದರೆ 16, ಜಾಸ್ತಿ ಆಯಿತು. ಅದಕ್ಕೇನು ಅನ್ನೋಣ?