ಕಂಡರಾಗದ, ಆದರೆ ಮರೆಯಲಾಗದ ಆಟಗಾರನಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕ್ರಿಶ್ಚಿಯನ್ ಲೇಟ್ನರ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರಿಗೆ ಹೆಸರು ಗೊತ್ತಿರುತ್ತದೆ. 1988ರಿಂದ 1992ರವರೆಗೆ ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆಡಿದವನು. ಆ ನಾಲ್ಕೂ ವರ್ಷ ಅವನ ತಂಡ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮುಟ್ಟಿತು. 1991, 1992ರಲ್ಲಿ ಗೆದ್ದೇಬಿಟ್ಟಿತು. ಆ ಟೂರ್ನಿಯಲ್ಲಿ ಅವನು ಒಟ್ಟು ಹೊಡೆದ 407 ಅಂಕ ದಾಖಲೆ.

2015ರಲ್ಲಿ ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್ ಅವನ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿತು. ಹೆಸರು 'ಐ ಹೇಟ್ ಕ್ರಿಶ್ಚಿಯನ್ ಲೇಟ್ನರ್'. ಕಾಲೇಜು ಬಿಟ್ಟು ಇಪ್ಪತ್ತು ವರ್ಷ ದಾಟಿದವನ ಮೇಲೆ! ನನ್ನ ತೊಂದರೆ ಶುರುವಾಗುವುದು ಇಲ್ಲೇ. 'ನಾನು ಲೇಟ್ನರ್‌ನನ್ನು ದ್ವೇಷಿಸುತ್ತೇನೆ' ಅಂತ ಕನ್ನಡದಲ್ಲಿ ಬರೆದರೆ, ಆಸ್ತಿಗಾಗಿ ಕೋರ್ಟು ಹತ್ತಿದ ದಾಯಾದಿಗಳ ಮಾತಿನಂತೆ ಕೇಳಿಸುತ್ತದೆ. ಅಭಿಮಾನಿಗಳ ಸಿಟ್ಟು ಆ ಜಾತಿಯದ್ದಲ್ಲ.

ಸಂದರ್ಭ ಹೇಳುತ್ತೇನೆ. 1992ರ ಮಾರ್ಚ್ 28, ಫಿಲಡೆಲ್ಫಿಯಾ. ಅದೇ ಟೂರ್ನಿಯಲ್ಲಿ ಡ್ಯೂಕ್‌ಗೂ ಕೆಂಟಕಿ ವಿಶ್ವವಿದ್ಯಾಲಯಕ್ಕೂ ಪಂದ್ಯ. ದ್ವಿತೀಯಾರ್ಧದಲ್ಲಿ ಕೆಂಟಕಿಯ ಅಮೀನು ಟಿಂಬರ್ಲೇಕ್ ಅನ್ನುವ ಮೊದಲ ವರ್ಷದ ಹುಡುಗ ಕೆಳಗೆ ಬಿದ್ದ. ಲೇಟ್ನರ್ ಬೇಕಂತಲೇ ಅವನ ಎದೆ ಮೇಲೆ ಕಾಲಿಟ್ಟ. ರೆಫರಿ ಟೆಕ್ನಿಕಲ್ ಫೌಲ್ (ಕೆಟ್ಟ ನಡತೆಗೆ ಹಾಕುವ ದಂಡ) ಕೊಟ್ಟರು, ಆಟದಿಂದ ಹೊರಗೆ ಹಾಕಲಿಲ್ಲ. ಟಿಂಬರ್ಲೇಕ್ ನಗುತ್ತಾ ಎದ್ದು ಚಪ್ಪಾಳೆ ತಟ್ಟಿದ. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. 2.1 ಸೆಕೆಂಡ್ ಉಳಿದಿದ್ದಾಗ ಕೆಂಟಕಿ 103, ಡ್ಯೂಕ್ 102. ಡ್ಯೂಕ್‌ನ ಗ್ರಾಂಟ್ ಹಿಲ್ ಅಂಕಣದ ಆ ತುದಿಯಿಂದ ಚೆಂಡು ಎಸೆದ. ಎಸೆಯುವವನ ಮುಂದೆ ಕೆಂಟಕಿಯವರು ಯಾರೂ ಅಡ್ಡ ನಿಂತಿರಲಿಲ್ಲ. ಲೇಟ್ನರ್ ಬುಟ್ಟಿಗೆ ಬೆನ್ನು ಹಾಕಿ ಹಿಡಿದ, ಬಲಕ್ಕೆ ಹೊರಟಂತೆ ಮಾಡಿದ, ಒಂದೇ ಒಂದು ಸಲ ಚೆಂಡು ನೆಲಕ್ಕೆ ಬಡಿದ, ಎಡಕ್ಕೆ ತಿರುಗಿ ಹಾರಿದ. ಒಳಗೆ! ಅವತ್ತು ಬುಟ್ಟಿಗೆ ಎಸೆದ ಹತ್ತೂ ಒಳಗೆ, ಫೌಲ್ ಆದಾಗ ಸಿಗುವ ಫ್ರೀ ಥ್ರೋ ಹತ್ತೂ ಒಳಗೆ. ಕಾಲಿಟ್ಟಾಗಲೇ ಅವನನ್ನು ಹೊರಗೆ ಹಾಕಿದ್ದರೆ ಆ ಕೊನೆಯ ಹೊಡೆತವೇ ಇರುತ್ತಿರಲಿಲ್ಲ ಅಂತ ಕೆಂಟಕಿಯವರು ಈಗಲೂ ಹೇಳುತ್ತಾರೆ. ಮಾತು ಸುಳ್ಳಲ್ಲ, ಅಲ್ವಾ?

ಈಗ ಪದಕ್ಕೆ ಬರೋಣ. 'ಖಳನಾಯಕ' ಒಗ್ಗುವುದಿಲ್ಲ. ನಮ್ಮ ಕಥೆಗಳಲ್ಲಿ ಖಳ ಕೊನೆಗೆ ಸೋಲಬೇಕು. ಇವನು ಗೆದ್ದ, ಅದೂ ಎರಡು ವರ್ಷ. 'ಕಂಡರಾಗದವನು' ಅನ್ನುವುದರಲ್ಲಿ ಸಿಟ್ಟಿನ ಕಾವು ಸರಿಯಾಗಿದೆ. ಆದರೆ ಆಟದ ಮೇಲಿನ ಮೆಚ್ಚುಗೆ ಅದರಲ್ಲಿ ಎಳ್ಳಷ್ಟೂ ಇಲ್ಲ. 'ಕಿಲಾಡಿ' ಇದಕ್ಕೆ ತಿರುಗಾಮುರುಗ: ಮೆಚ್ಚುಗೆ ಜಾಸ್ತಿ, ಸಿಟ್ಟೇ ಇಲ್ಲ. ಹಿಂದಿಯಲ್ಲಿ ಆಟಗಾರ ಅಂತಲೇ ಅರ್ಥ ಇರುವ ಪದವನ್ನು ನಾವು ಚಾಲಾಕಿ ಅನ್ನುವ ಅರ್ಥಕ್ಕೆ ಎಳೆದುಕೊಂಡಿದ್ದೇವೆ, ಮಜಾ ಇದೆ. ಆದರೂ ಕಿಲಾಡಿ ಅನ್ನುವಾಗ ಮುಖದಲ್ಲಿ ನಗು ಇರುತ್ತದೆ. ಎದೆ ಮೇಲೆ ಕಾಲಿಟ್ಟವನಿಗೆ ಅದು ಸಲ್ಲದು.

ನನ್ನ ಒಲವು 'ಘಾಟಿ' ಕಡೆಗೆ. 'ಭಾರೀ ಘಾಟಿ ಆಸಾಮಿ' ಅನ್ನುವಾಗ ಹತ್ತಿರ ಹೋಗಲು ಅಳುಕೂ ಇದೆ, ಅವನ ತಾಕತ್ತಿನ ಮೇಲೆ ಒಂದು ಮರ್ಯಾದೆಯೂ ಇದೆ. ಆದರೆ 22 ವರ್ಷದ ಹುಡುಗನಿಗೆ ಘಾಟಿ ಅನ್ನಬಹುದೇ? ನಾನು ಕೇಳಿರುವುದೆಲ್ಲ ವಯಸ್ಸಾದವರ ಬಗ್ಗೆ, ಅದರಲ್ಲೂ ಮುದುಕಿಯರ ಬಗ್ಗೆಯೇ.

ಇದು ಆಟಗಾರನ ಮಾತಾಯಿತು. ಅಭಿಮಾನಿಯ ಮನಸ್ಸಿಗೆ ಏನನ್ನೋಣ? ಗೆಳೆಯರೊಬ್ಬರು 'ನಿಂದಾಸ್ತುತಿ' ಅಂದರು. ಆಗುವುದಿಲ್ಲ. ನಿಂದಾಸ್ತುತಿಯಲ್ಲಿ ಬೈಗುಳ ಮೇಲುಮೇಲಿನದು, ಒಳಗಿರುವುದು ಭಕ್ತಿ. ಕೆಂಟಕಿಯವರು ಮನಸಾರೆ ಬಯ್ಯುತ್ತಾರೆ. ನನಗೆ ತೋಚಿದ್ದು 'ವೈರಭಕ್ತಿ'. ವಿಷ್ಣುವಿನ ಬಾಗಿಲು ಕಾಯುವ ಜಯ ವಿಜಯರು ಏಳು ಜನ್ಮ ಭಕ್ತರಾಗುವುದು ಬೇಡ, ಮೂರು ಜನ್ಮ ವೈರಿಗಳಾಗುತ್ತೇವೆ ಅಂದರಲ್ಲ, ಅದು. ವೈರಿ ಮರೆಯುವುದೇ ಇಲ್ಲ. ಲೇಟ್ನರ್‌ನ ಆ 2.1 ಸೆಕೆಂಡನ್ನು ಡ್ಯೂಕ್‌ನವರಷ್ಟೇ ಚೆನ್ನಾಗಿ ನೆನಪಿಟ್ಟುಕೊಂಡವರು ಕೆಂಟಕಿಯವರೇ. ಒಂದೇ ಕಷ್ಟ. ಈ ಪದ ಹಾಕಿದರೆ ಪಾಪ, ಸೋತವರು ಶಿಶುಪಾಲನ ಸಾಲಿಗೆ ಸೇರುತ್ತಾರೆ, ಲೇಟ್ನರ್ ಸಾಕ್ಷಾತ್ ವಿಷ್ಣುವಾಗುತ್ತಾನೆ. ಡ್ಯೂಕ್‌ನವರಿಗೆ ಇದಕ್ಕಿಂತ ಇನ್ನೇನು ಬೇಕು!

'ಹೊಟ್ಟೆಕಿಚ್ಚು' ಅಂತ ಸುಮ್ನೆ ಮುಗಿಸಲೂ ಮನಸ್ಸಿಲ್ಲ. ಅದೂ ಇತ್ತು, ನಿಜ. ಡ್ಯೂಕ್ ಅಂದರೆ ದುಡ್ಡಿದ್ದವರ ಕಾಲೇಜು, ಇವನು ನೋಡಲು ಚೆಂದ, ಬಿಳಿಯ, ಹಾಗಾಗಿ ಸಾಹುಕಾರರ ಮಗನೇ ಇರಬೇಕು ಅಂತ ಜನ ತೀರ್ಮಾನಿಸಿಬಿಟ್ಟರು. ಅಸಲಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಹತ್ತಿರದವನು. ಅಪ್ಪ ಅಲ್ಲಿನ ಪತ್ರಿಕೆಯೊಂದರಲ್ಲಿ ಮುದ್ರಣದ ಕೆಲಸಕ್ಕಿದ್ದರು. ಖಾಸಗಿ ಶಾಲೆಯ ಫೀಸಿಗಾಗಿ ಹುಡುಗ ಅದೇ ಶಾಲೆಯಲ್ಲಿ ಕಸ ಗುಡಿಸಿದ್ದಾನೆ. ಇಲ್ಲದ ಸಿರಿತನದ ಮೇಲಿನ ಸಿಟ್ಟಿಗೆ ಹೊಟ್ಟೆಕಿಚ್ಚು ಅನ್ನುವುದು ಹೇಗೆ? ಇನ್ನು 1992ರ ಒಲಿಂಪಿಕ್ಸ್‌ಗೆ ಹೋದ, ವೃತ್ತಿಪರ ತಾರೆಗಳೇ ತುಂಬಿದ್ದ ಅಮೆರಿಕದ 'ಡ್ರೀಮ್ ಟೀಮ್'ಗೆ ಕಾಲೇಜಿನಿಂದ ಹೋದವನು ಇವನೊಬ್ಬನೇ. ಆಗ ಕಾಲೇಜಿನ ಇನ್ನೊಬ್ಬ ದೊಡ್ಡ ತಾರೆಯಾಗಿದ್ದ ಶಕೀಲ್ ಓನೀಲ್ ಹೊರಗುಳಿದ. ಆ ಹೊಟ್ಟೆಯುರಿಗೆ ಮಾತ್ರ ಆಧಾರವಿದೆ.

ಇನ್ನೊಂದು ಸಣ್ಣ ವಿಷಯ. 'ಲೆಗಸಿ'ಗೆ ಪತ್ರಿಕೆಗಳು 'ಪರಂಪರೆ' ಅಂತ ಹಾಕುತ್ತವೆ. ಒಬ್ಬ ಆಟಗಾರನಿಗೆ ಎಂಥ ಪರಂಪರೆ ರೀ? 'ಹೆಸರು' ಸಾಕು. ಹೆಸರು ಮಾಡಿದ, ಹೆಸರು ಕೆಡಿಸಿಕೊಂಡ, ಎರಡೂ ಅದರಲ್ಲೇ ಆಗುತ್ತದೆ.

ನನಗೆ ಬೇಕಿರುವುದು ಇಷ್ಟು. ಎದುರು ತಂಡದ ಒಳ್ಳೆಯ ಕಬಡ್ಡಿ ರೈಡರ್‌ನೋ, ಬೌಲರ್‌ನೋ ಗೆದ್ದು ಹೋದ ಮೇಲೆ ನಿಮ್ಮೂರಲ್ಲಿ ಅವನನ್ನು ಏನಂತ ಕರೆಯುತ್ತಾರೆ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಬರೆಯಿರಿ. ಬರೀ ಬೈಗುಳ ಬೇಡ, ಅವು ನನ್ನ ಹತ್ತಿರ ಬೇಕಾದಷ್ಟಿವೆ.