ಅಪ್‌ಡೇಟ್: ಹಾಲೂಡಿಸುವಾಗ ಬಳಸುವ ಬಟ್ಟೆ ಪ್ಯಾಡಿನ ಅಂಚು ಒದ್ದೆಯಾಗುತ್ತಿದ್ದುದಕ್ಕೆ ಪರಿಹಾರ ಸಿಕ್ಕಿತು

ಒಳಗೆ ಪಿಯುಎಲ್ (ಒಂದು ಮೈಗೆ ಹೊಳೆಯುವ ಪ್ಲಾಸ್ಟಿಕ್ ಲೇಪ ಇರುವ, ನೀರು ಸೋರದ ಬಟ್ಟೆ) ಪದರ ಇದ್ದರೂ ಪ್ಯಾಡಿನ ಅಂಚಿನಿಂದ ರವಿಕೆಗೆ ಒದ್ದೆ ಯಾಕೆ ಹತ್ತುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕಾರಣ ಪಿಯುಎಲ್ ಅಲ್ಲ, ಹೊಲಿಗೆ. ಹೀರುವ ಟೆರ್ರಿ ಬಟ್ಟೆ (ಟವೆಲ್ಲಿನಂಥ ಬಟ್ಟೆ) ಅಂಚಿನ ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ಹಾಲು ಅದರ ಮೂಲಕವೇ ಹೊರಗೆ ಹರಿಯುತ್ತದೆ. ಹತ್ತಿ ದಾರವೂ ಬತ್ತಿಯಂತೆ ಹೀರುತ್ತದೆ, ಹಾಗಾಗಿ ಪಾಲಿಯೆಸ್ಟರ್ ದಾರವೇ ಸರಿ.

ಈಗಿನ ಅಳತೆ ಹೀಗಿದೆ: ಫ್ಲಾನೆಲ್ (ಮೈಗೆ ತಾಗುವ ಮೃದುವಾದ ಹತ್ತಿ ಬಟ್ಟೆ) ಮತ್ತು ಪಿಯುಎಲ್ 12 ಸೆಂ.ಮೀ. ವೃತ್ತ, ಟೆರ್ರಿಯ ಎರಡು ಪದರ 10 ಸೆಂ.ಮೀ. ಹತ್ತಿ ಬಟ್ಟೆಗಳನ್ನು ಮೊದಲೇ ಒಗೆದು ಒಣಗಿಸಿ ಕತ್ತರಿಸಬೇಕು. ಇಲ್ಲದಿದ್ದರೆ ಆಮೇಲೆ ಕುಗ್ಗಿ ಪ್ಯಾಡ್ ಸುರುಟಿಕೊಳ್ಳುತ್ತದೆ. ಟೆರ್ರಿಯನ್ನು ಫ್ಲಾನೆಲ್ಲಿನ ಒಳಮೈಯ ನಟ್ಟನಡುವೆ ಇಟ್ಟು ಆ ಎರಡನ್ನೇ ಹೊಲಿಯಿರಿ. ಬಳಿಕ ಫ್ಲಾನೆಲ್ಲಿನ ಹೊರಮೈಗೆ ಪಿಯುಎಲ್‌ನ ಬಟ್ಟೆಯ ಮೈ ತಾಗುವಂತೆ, ಹೊಳೆಯುವ ಮೈ ಹೊರಗೆ ಕಾಣುವಂತೆ ಜೋಡಿಸಿ. ಅಂಚಿನಿಂದ 6 ಮಿ.ಮೀ. ಒಳಗೆ, 3 ಮಿ.ಮೀ. ಉದ್ದದ ಹೊಲಿಗೆ ಹಾಕಿ, 4 ಸೆಂ.ಮೀ. ಬಾಯಿ ಬಿಡಿ. ಮಗುಚಿದಾಗ ಹೊಳೆಯುವ ಮೈ ಒಳಗೆ ಸೇರುತ್ತದೆ. ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚಿದರೆ ಸಾಕು. ಅಂದಕ್ಕಾಗಿ ಮೇಲೆ ಇನ್ನೊಂದು ಸುತ್ತು ಹೊಲಿಯಬೇಡಿ. ಪ್ರತಿ ಸೂಜಿತೂತೂ ಸೋರುವ ದಾರಿ. ಗುಂಡುಪಿನ್ನಿಗೂ ಇದೇ ಮಾತು, ಕ್ಲಿಪ್ ಒಳ್ಳೆಯದು. ಹೊಳೆಯುವ ಮೈ ಮಿಷನ್ನಿನ ಪಾದಕ್ಕೆ ಅಂಟಿ ಜಗ್ಗಿದರೆ ನಡುವೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಖಂಡಿತ ಬೇಡ. ಅದರ ಜಿಡ್ಡಿನ ಪದರ ಟೆರ್ರಿಯ ಹೀರುವ ಗುಣವನ್ನೇ ಕೆಡಿಸುತ್ತದೆ.